ಎತ್ತಿ ಹಿಡಿದ ಬೆರಳು

ಡೆನ್ವರ್ ಹತ್ತಿರ ಇವತ್ತು ಫಿಶ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಶೋ. ಪಾರ್ಕಿಂಗ್‌ನಲ್ಲೇ ಜಾತ್ರೆ. ಟೈ-ಡೈ ಅಂಗಿ, ಸ್ಟಿಕ್ಕರ್, ಕಾವಲಿ ಮೇಲೆ ಚುಂಯ್ ಅನ್ನುವ ಚೀಸ್ ಸ್ಯಾಂಡ್‌ವಿಚ್.

ಗೇಟಿನ ಹತ್ತಿರ ಒಬ್ಬ ಹುಡುಗ ಸುಮ್ನೆ ಒಂದು ಬೆರಳು ಎತ್ತಿ ನಿಂತಿದ್ದ. ಯಾರಾದರೂ ಒಂದು ಟಿಕೆಟ್ ಕೊಡಿ ಅಂತ. ಬಾಯಿ ಬಿಟ್ಟು ಕೇಳುವುದಿಲ್ಲ, ಬೆರಳೊಂದೇ. ನರೆತ ಗಡ್ಡದವರೊಬ್ಬರು ಬಂದರು, ಜೇಬಿನಿಂದ ಟಿಕೆಟ್ ತೆಗೆದು ಅವನ ಕೈಗಿಟ್ಟರು. ದುಡ್ಡು ಕೇಳಲಿಲ್ಲ. ಹೆಸರೂ ಕೇಳಲಿಲ್ಲ. ಹುಡುಗ ಅವರನ್ನು ತಬ್ಬಿಕೊಂಡವನು ಎಷ್ಟು ಹೊತ್ತಾದರೂ ಬಿಡಲೇ ಇಲ್ಲ.

ಇಷ್ಟು ಧಾರಾಳ ಎಲ್ಲಿಂದ ಬಂತು? ಬ್ಯಾಂಡ್‌ಗಳೇ ಮೊದಲು ಕೈ ಬಿಚ್ಚಿದ್ದರಿಂದ ಅಂತ ನನಗನಿಸುತ್ತೆ. ಗ್ರೇಟ್‌ಫುಲ್ ಡೆಡ್ ಅನ್ನುವ ಅಮೆರಿಕದ ಹಳೆಯ ರಾಕ್ ತಂಡ 1984ರಲ್ಲಿ, ಶೋ ರೆಕಾರ್ಡ್ ಮಾಡಿಕೊಳ್ಳುವ ಅಭಿಮಾನಿಗಳಿಗೇ ಅಂತ ಬೇರೆ ಜಾಗ ಬಿಟ್ಟುಕೊಟ್ಟಿತು. ಆ ಕ್ಯಾಸೆಟ್‌ಗಳನ್ನು ಮಾರುವ ಹಾಗಿರಲಿಲ್ಲ, ಹಂಚಿಕೊಳ್ಳಬೇಕಿತ್ತು. ಫಿಶ್ ಕೂಡ ಅದೇ ದಾರಿ ಹಿಡಿಯಿತು. 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿದರು, ಒಂದು ಹಾಡೂ ಎರಡನೇ ಸಲ ಬರಲಿಲ್ಲ! ಹಾಗಿದ್ದ ಮೇಲೆ ಜನ ಊರಿಂದೂರಿಗೆ ಅವರ ಹಿಂದೆಯೇ ಹೋಗದೆ ಇರುತ್ತಾರಾ?

ನಾಳೆ ಏನು ನುಡಿಸುತ್ತಾರೋ ಗೊತ್ತಿಲ್ಲ. ನಾನಂತೂ ಹೋಗುತ್ತಿದ್ದೇನೆ. ಈ ಕಡೆ ಇರುವವರು ಯಾರಾದರೂ ಬರುತ್ತೀರಾ?