ಮಕ್ಕಳು ಮಲಗಿದ ಮೇಲೆ ನಿಮಗೇನು ಕೆಲಸ?

ಹದಿಹರೆಯದ ಮಕ್ಕಳ ಶೆಲ್ಟರ್‌ನಲ್ಲಿ ನೈಟ್ ಶಿಫ್ಟ್ ಕೌನ್ಸೆಲರ್ ಅಂತ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. "ರಾತ್ರಿ ಮಕ್ಕಳು ಮಲಗಿರ್ತಾರಲ್ವಾ, ನಿಮಗೇನು ಕೆಲಸ?" ನೆಂಟರು ಕೇಳುತ್ತಾರೆ, ಹಳೇ ಗೆಳತಿಯರು ಕೇಳುತ್ತಾರೆ, ಈ ಕೆಲಸಕ್ಕೆ ಸೇರೋಣ ಅಂತ ಯೋಚಿಸುತ್ತಿರುವವರೂ ಕೇಳುತ್ತಾರೆ. ಚಿಕ್ಕದಾಗಿ ಹೇಳುವುದಾದರೆ, ಎಷ್ಟೋ ಮಕ್ಕಳು ಮಲಗುವುದೇ ಇಲ್ಲ. ಅವರಿಗೆ ನಿದ್ದೆ ಬರುವ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸದ ದೊಡ್ಡ ಪಾಲು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು, ಇಲ್ಲಿಗೆ ಬರುವವರು ಯಾರು ಅಂತ. ಮನೆಯಲ್ಲಿ ಹೊಡೆತ ತಾಳಲಾರದೆ ಬಂದವರು, ಮನೆಯವರೇ ಹೊರಗೆ ಹಾಕಿದವರು, ಓಡಿ ಬಂದವರು, ಅಪ್ಪ ಅಮ್ಮ ಜೈಲಿನಲ್ಲೋ ಆಸ್ಪತ್ರೆಯಲ್ಲೋ ಇರುವವರು, ಮುಂದೆ ಎಲ್ಲಿರಬೇಕು ಅಂತ ಕೋರ್ಟು ಇನ್ನೂ ಹೇಳದೆ ಕಾಯುತ್ತಿರುವವರು. ಕೆಲವರು ಒಂದೆರಡು ರಾತ್ರಿ ಇದ್ದು ಹೋಗುತ್ತಾರೆ, ಕೆಲವರು ತಿಂಗಳುಗಟ್ಟಲೆ ಇರುತ್ತಾರೆ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಇಂಥವರ ಬಗ್ಗೆಯೇ ಇದೆ. ಕುಟುಂಬದ ಆಸರೆ ತಪ್ಪಿದ ಮಗುವಿಗೆ ಸರ್ಕಾರ ವಿಶೇಷ ರಕ್ಷಣೆ ಕೊಡಬೇಕು ಅನ್ನುತ್ತದೆ ಅದು. ನನ್ನ ಪ್ರಕಾರ ಆ ರಕ್ಷಣೆ ಜಾಸ್ತಿ ಬೇಕಾಗುವುದು ರಾತ್ರಿ.

ಯಾಕೆ ಅಂದರೆ, ಹಗಲು ಮನಸ್ಸನ್ನು ಬೇರೆ ಕಡೆ ಹರಿಸಲು ಏನಾದರೂ ಸಿಗುತ್ತದೆ. ಓದು, ಆಟ, ಜಗಳ, ಫೋನ್, ಇನ್ನೊಬ್ಬರ ಗಲಾಟೆ. ದೀಪ ಆರಿದ ಮೇಲೆ ಇದ್ಯಾವುದೂ ಇಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಕೆಟ್ಟದ್ದು ಆಗಿದ್ದೇ ರಾತ್ರಿ ಹೊತ್ತು. ಕುಡಿದು ಬರುವವರ ಹೆಜ್ಜೆ ಸದ್ದು, ಮೆಲ್ಲಗೆ ತೆರೆದುಕೊಳ್ಳುವ ಬಾಗಿಲು, ಪಕ್ಕದ ಕೋಣೆಯ ಕಿರುಚಾಟ. ನಿದ್ದೆ ಮಾಡದೆ ಕಿವಿ ತೆರೆದಿಟ್ಟುಕೊಂಡಿದ್ದರಿಂದಲೇ ಕೆಲವರು ತಂಗಿಯನ್ನೋ ತಮ್ಮನನ್ನೋ ಕಾಪಾಡಿದ್ದಾರೆ. ಇಂಥ ಮಗುವಿಗೆ "ಇಲ್ಲಿ ಏನೂ ಭಯ ಇಲ್ಲ, ಮಲ್ಕೋ" ಅಂದರೆ ಅದು ಬರೀ ಮಾತು. ಮೈ ನಂಬುವುದಿಲ್ಲ. ಬೂಟು ಬಿಚ್ಚದೆ ಮಲಗುವವರಿದ್ದಾರೆ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆಗೇ ನೋಡುತ್ತಾ, ಕೂತಲ್ಲೇ ತೂಕಡಿಸುವವರಿದ್ದಾರೆ. ಹಾಸಿಗೆ ಬಿಟ್ಟು ಮಂಚದ ಕೆಳಗೆ ಹೋಗಿ ಮಲಗುವವರೂ ಇದ್ದಾರೆ. ಅಲ್ಲೇ ನಿದ್ದೆ ಬರುತ್ತದೆ ಅಂದರೆ ನಾನು ಹೊದಿಕೆಯನ್ನು ಅಲ್ಲಿಗೇ ತಂದುಕೊಡುತ್ತೇನೆ. ಮಂಚದ ಮೇಲೆ ಮಲಗಿಸುವುದು ನಿಧಾನಕ್ಕೆ ಆಗಲಿ, ಮೊದಲು ನಿದ್ದೆ ಆಗಲಿ.

ವಯಸ್ಸಿನದ್ದೂ ಒಂದು ಪಾತ್ರ ಇದೆ. ಹದಿಹರೆಯದಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ಮೊದಲಿಗಿಂತ ತಡವಾಗಿ ಬರಲು ಶುರುವಾಗುತ್ತದೆ. ನಿದ್ದೆ ಹತ್ತುವ ಹೊತ್ತೇ ಒಂದೆರಡು ಗಂಟೆ ಮುಂದಕ್ಕೆ ಹೋಗುತ್ತದೆ. ಆದರೆ ಅವರಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ಹನ್ನೊಂದಕ್ಕೆ ಇನ್ನೂ ಕಣ್ಣು ಬಿಟ್ಟುಕೊಂಡಿದ್ದಾನೆ ಅಂತ ಒಬ್ಬ ಹುಡುಗನಿಗೆ ಬೈದರೆ, ಅವನ ದೇಹ ಮಾಡುತ್ತಿರುವುದಕ್ಕೆ ಅವನನ್ನು ಬೈದ ಹಾಗೆ. ಇದನ್ನು ಹೊಸದಾಗಿ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ನಾನು ಮೊದಲ ದಿನವೇ ಹೇಳುತ್ತೇನೆ.

ಸರಿ, ನಾನು ಏನು ಮಾಡುತ್ತೇನೆ? ಬಂದ ಕೂಡಲೇ ಸಂಜೆ ಪಾಳಿಯವರಿಂದ ಹ್ಯಾಂಡೋವರ್. ಇವತ್ತು ಯಾರಿಗೆ ಮನೆಯಿಂದ ಫೋನ್ ಬಂತು, ಯಾರಿಗೆ ಬರಬೇಕಾಗಿದ್ದು ಬರಲಿಲ್ಲ, ಯಾರು ಊಟ ಬಿಟ್ಟರು, ಯಾರ ಯಾರ ನಡುವೆ ಮಾತು ನಿಂತಿದೆ. ಔಷಧಿ ಬೀಗದಲ್ಲಿದೆಯಾ, ಲೆಕ್ಕ ಸರಿಯಿದೆಯಾ ನೋಡುವುದು. ಆಮೇಲೆ ರೌಂಡ್ಸ್.

ರೌಂಡ್ಸ್ ಅಂದರೆ ಟಾರ್ಚ್ ಹಿಡಿದು ಸುತ್ತುವುದು ಅಷ್ಟೇ ಅಲ್ವಾ ಅಂತ ಅನ್ನಿಸಬಹುದು. ಆದರೆ ಬಾಗಿಲು ತೆರೆದುಕೊಂಡರೆ ಎದೆ ಹೊಡೆದುಕೊಳ್ಳುವ ಮಗುವಿನ ಬಾಗಿಲನ್ನೇ ನಾನು ರಾತ್ರಿಯಿಡೀ ಮತ್ತೆ ಮತ್ತೆ ತೆರೆಯಬೇಕು. ಅದಕ್ಕೇ ಮೊದಲ ರಾತ್ರಿ ಮಲಗುವ ಮುಂಚೆ ಹೋಗಿ ಹೇಳುತ್ತೇನೆ: "ರಾತ್ರಿ ನಾನು ಬಾಗಿಲು ಇಷ್ಟೇ ಇಷ್ಟು ತೆಗೀತೀನಿ. ಒಳಗೆ ಬರಲ್ಲ. ಮುಟ್ಟಲ್ಲ. ನೀನು ಉಸಿರಾಡ್ತಿದ್ದೀಯಾ, ಚೆನ್ನಾಗಿದ್ದೀಯಾ ಅಂತ ನೋಡಿ ಹೋಗ್ತೀನಿ." ಬಾಗಿಲು ಎಷ್ಟು ತೆಗೆಯುತ್ತೇನೆ ಅಂತ ತೋರಿಸಿಯೂ ಬಿಡುತ್ತೇನೆ. ಟಾರ್ಚ್ ಬೆಳಕು ನೆಲಕ್ಕೆ, ಮುಖಕ್ಕಲ್ಲ. ಹೊದಿಕೆ ಏರಿಳಿಯುವುದು ಕಾಣುವವರೆಗೆ ನಿಲ್ಲುತ್ತೇನೆ. ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಜಾಸ್ತಿ ಇಡುವುದಿಲ್ಲ. ದೊಡ್ಡವರು ಹೇಳಿದ ಹಾಗೆಯೇ ನಡೆದುಕೊಂಡಿದ್ದನ್ನು ಈ ಮಕ್ಕಳು ಜಾಸ್ತಿ ನೋಡಿಲ್ಲ. ಅದನ್ನು ಅವರು ಎಣಿಸುತ್ತಿರುತ್ತಾರೆ, ಕಣ್ಣು ಮುಚ್ಚಿಕೊಂಡೇ.

ತನಗೇ ಏನಾದರೂ ಮಾಡಿಕೊಳ್ಳಬಹುದು ಅನ್ನುವ ಆತಂಕ ಇರುವ ಮಗುವನ್ನು ನೋಡುವುದು ಬೇರೆ ರೀತಿ. ಅಲ್ಲಿ ಹತ್ತೋ ಹದಿನೈದೋ ನಿಮಿಷಕ್ಕೊಮ್ಮೆ ಹೋಗಬೇಕು, ಅದೂ ಒಂದೇ ಅಂತರದಲ್ಲಿ ಹೋಗಬಾರದು. ಹದಿನೈದು ನಿಮಿಷಕ್ಕೆ ಸರಿಯಾಗಿ ಬರುತ್ತಾರೆ ಅಂತ ಗೊತ್ತಾದರೆ ನಡುವಿನ ಹದಿನಾಲ್ಕು ನಿಮಿಷ ಯಾರೂ ಬರುವುದಿಲ್ಲ ಅಂತಲೂ ಗೊತ್ತಾಗುತ್ತದೆ.

ಇನ್ನು ಮಾತು. ಕೌನ್ಸೆಲಿಂಗ್ ಅಂದರೆ ಒಂದು ಕೋಣೆ, ಎರಡು ಕುರ್ಚಿ, ಎದುರುಬದುರು ಅಂತ ಜನ ಅಂದುಕೊಂಡಿರುತ್ತಾರೆ. ರಾತ್ರಿ ಅದು ಹಾಗೆ ಆಗುವುದಿಲ್ಲ. ನೀರು ಬೇಕು ಅಂತ ಒಬ್ಬಳು ಎದ್ದು ಬರುತ್ತಾಳೆ. ಕುಡಿಯುತ್ತಾಳೆ, ಹೋಗುವುದಿಲ್ಲ. ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. "ಅಕ್ಕಾ, ನಿಮಗೆ ನಿದ್ದೆ ಬರಲ್ವಾ?" ನಾನು ಬಟ್ಟೆ ಮಡಚುತ್ತಿದ್ದರೆ ಅರ್ಧ ಅವಳ ಕಡೆ ತಳ್ಳುತ್ತೇನೆ. ಇಬ್ಬರೂ ಪಕ್ಕ ಪಕ್ಕ ಕೂತು ಮಡಚುತ್ತೇವೆ. ಕೈಗೆ ಕೆಲಸ ಇದ್ದು, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದಿದ್ದರೆ ಮಾತು ತಾನಾಗೇ ಬರುತ್ತದೆ. ಹಗಲು ಡಾಕ್ಟರ್ ಎದುರಿಗೆ ಒಂದಕ್ಷರ ಬಿಡದ ಮಗು ರಾತ್ರಿ ಒಂದೂವರೆಗೆ, ಟವೆಲ್ ಮಡಚುತ್ತಾ, ಎಲ್ಲಾ ಹೇಳಿಬಿಡುತ್ತದೆ. (ಇಲ್ಲಿ ಬರೆಯುತ್ತಿರುವುದು ಯಾವ ಒಂದು ಮಗುವಿನ ಕಥೆಯೂ ಅಲ್ಲ. ಹಲವರದ್ದನ್ನು ಸೇರಿಸಿ, ಬದಲಿಸಿ ಬರೆಯುತ್ತಿದ್ದೇನೆ. ಅವರ ಮಾತನ್ನು ಇದ್ದ ಹಾಗೇ ಹಂಚುವ ಹಕ್ಕು ನನಗಿಲ್ಲ.)

ಆ ಹೊತ್ತಲ್ಲಿ ನಾನು "ಯಾಕೆ" ಅನ್ನುವ ಪದ ಬಳಸುವುದಿಲ್ಲ. ಯಾಕೆ ಹೋದೆ, ಯಾಕೆ ಹೇಳಲಿಲ್ಲ, ಯಾಕೆ ಸುಮ್ಮನಿದ್ದೆ: ಪ್ರತಿ ಯಾಕೆಯಲ್ಲೂ ತಪ್ಪು ನಿನ್ನದೇ ಅನ್ನುವ ದನಿ ಅವರಿಗೆ ಕೇಳಿಸುತ್ತದೆ. "ಆಮೇಲೆ ಏನಾಯ್ತು?" ಸಾಕು. ಎಷ್ಟೋ ಸಲ ಅದೂ ಬೇಡ, "ಹೂಂ" ಸಾಕು.

ಎರಡು ಜಾಗದಲ್ಲಿ ಮಾತ್ರ ನಾನು ಸುತ್ತಿ ಬಳಸಿ ಮಾತಾಡುವುದಿಲ್ಲ. ಮೊದಲನೆಯದು, "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ" ಅಂದಾಗ. ಆ ಪ್ರಾಮಿಸ್ ನಾನು ಮಾಡುವುದಿಲ್ಲ. ಇನ್ನೂ ಮಾತು ಶುರುವಾಗುವ ಮುಂಚೆಯೇ ಹೇಳುತ್ತೇನೆ: "ನಿನಗೆ ಯಾರಾದ್ರೂ ತೊಂದರೆ ಕೊಡ್ತಿದ್ರೆ, ನೀನೇ ನಿನಗೆ ಏನಾದ್ರೂ ಮಾಡ್ಕೊಳ್ಳೋ ಯೋಚನೆಯಲ್ಲಿದ್ರೆ, ಬೇರೆಯವರಿಗೆ ಅಪಾಯ ಇದ್ರೆ, ನಾನು ಹೇಳಲೇಬೇಕು. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲು ತಿಳಿಸಿ ಆಮೇಲೆ ಹೇಳ್ತೀನಿ." ಕೆಲವರು ಅಲ್ಲಿಗೇ ಎದ್ದು ಹೋಗುತ್ತಾರೆ. ಹೋಗಲಿ. ಎಲ್ಲಾ ಹೇಳಿದ ಮೇಲೆ "ಈಗ ರಿಪೋರ್ಟ್ ಮಾಡ್ಬೇಕು" ಅಂದರೆ ಆ ಮಗು ಮುಂದೆ ಯಾವ ದೊಡ್ಡವರ ಹತ್ತಿರವೂ ಬಾಯಿ ಬಿಡದೆ ಹೋಗಬಹುದು. ಎದ್ದು ಹೋದವರು ಮತ್ತೆ ಬರುವ ಸಾಧ್ಯತೆಯಾದರೂ ಇದೆ.

ಎರಡನೆಯದು ಸಾವಿನ ಮಾತು. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ನೇರವಾಗಿ, ಮೆಲ್ಲಗೆ, ಆ ಪದವನ್ನೇ ಬಳಸಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಅಂತ ಸಂಶೋಧನೆಗಳು ಮತ್ತೆ ಮತ್ತೆ ಹೇಳಿವೆ. ನಾನು ನೋಡಿದ ಮಟ್ಟಿಗೆ, ಕೇಳಿದಾಗ ಮಕ್ಕಳ ಭುಜ ಸಡಿಲ ಆಗುತ್ತದೆ. ಕೊನೆಗೂ ಯಾರೋ ಕೇಳಿದರಲ್ಲ ಅಂತ. ಉತ್ತರ ಹೌದು ಅಂದರೆ ನಾನು ಅಲ್ಲಿಂದ ಕದಲುವುದಿಲ್ಲ. ಜೊತೆಯವರನ್ನು ಕರೆಯುತ್ತೇನೆ, ಫೋನ್ ಅವರು ಮಾಡುತ್ತಾರೆ.

ರಾತ್ರಿ ಕಿರುಚಾಟ ಕೇಳಿಸಿದರೆ ಗಡಿಯಾರ ನೋಡುತ್ತೇನೆ. ಮಲಗಿ ಒಂದೆರಡು ಗಂಟೆಯಾಗಿದ್ದರೆ ಅದು ಗಾಢ ನಿದ್ದೆಯಲ್ಲೇ ಬೆಚ್ಚಿಬೀಳುವುದು ಇರಬಹುದು. ಕಣ್ಣು ತೆರೆದಿರುತ್ತದೆ, ಮೈ ಬೆವೆತಿರುತ್ತದೆ, ಆದರೆ ಮಗು ಎಚ್ಚರವಾಗಿರುವುದಿಲ್ಲ. ಹಿಡಿದು ಅಲುಗಾಡಿಸಬಾರದು. ಏಟು ತಗುಲದ ಹಾಗೆ ನೋಡಿಕೊಂಡು ಹತ್ತಿರ ಇದ್ದರೆ ತಾನಾಗೇ ಮತ್ತೆ ಮಲಗುತ್ತದೆ, ಬೆಳಿಗ್ಗೆ ಸಾಮಾನ್ಯವಾಗಿ ನೆನಪೂ ಇರುವುದಿಲ್ಲ. ಬೆಳಗಿನ ಜಾವ ಬರುವುದು ಹೆಚ್ಚಾಗಿ ಕೆಟ್ಟ ಕನಸು, ಯಾಕಂದರೆ ಕನಸಿನ ನಿದ್ದೆ ರಾತ್ರಿಯ ಕೊನೆಗೇ ಜಾಸ್ತಿ. ಅದು ನೆನಪಿರುತ್ತದೆ. ಆಗ ದೀಪ ಹಾಕಿ, ನನ್ನ ಹೆಸರು ಹೇಳಿ, ಇದು ಯಾವ ಜಾಗ ಅಂತ ಹೇಳಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳನ್ನು ಹೇಳಿಸುತ್ತೇನೆ. ಹಾಸಿಗೆ ಒದ್ದೆಯಾಗುವುದೂ ಇದೆ, ಹದಿನೈದು ಹದಿನಾರು ವಯಸ್ಸಿನವರಲ್ಲೂ. ಒತ್ತಡಕ್ಕೆ ಹಾಗೆ ಆಗುತ್ತದೆ. ಬೇರೆಯವರು ಏಳುವ ಮುಂಚೆ, ಒಂದು ಮಾತೂ ಆಡದೆ, ಚಾದರ ಬದಲಾಗಿರಬೇಕು.

ಸಿಟ್ಟು, ಹೊಡೆದಾಟ ಎಲ್ಲಾ ಇದೆ. ಜನ ಅದರ ಬಗ್ಗೆಯೇ ಜಾಸ್ತಿ ಕೇಳುತ್ತಾರೆ, ಆದರೆ ರಾತ್ರಿಯ ದೊಡ್ಡ ಭಾಗ ಅದಲ್ಲ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ನೇರ ಎದುರಿಗೆ ನಿಲ್ಲಬೇಡಿ, ದನಿ ತಗ್ಗಿಸಿ, ನೋಡುತ್ತಾ ನಿಂತ ಉಳಿದ ಮಕ್ಕಳನ್ನು ಅಲ್ಲಿಂದ ಕಳಿಸಿ. ಅಷ್ಟಕ್ಕೇ ಬಹಳಷ್ಟು ತಣ್ಣಗಾಗುತ್ತದೆ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಶಿಸ್ತು ಅಂತ ಈಗಲೂ ನಂಬಿದವರಿದ್ದಾರೆ. 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ಮಕ್ಕಳ ಪರ್ಯಾಯ ಆರೈಕೆಯ ಮಾರ್ಗಸೂಚಿ ಅದನ್ನು ಹಿಂಸೆಯ ಸಾಲಿನಲ್ಲೇ ಇಟ್ಟು, ಕಟ್ಟುನಿಟ್ಟಾಗಿ ನಿಷೇಧಿಸಬೇಕು ಅನ್ನುತ್ತದೆ. ಓಡಿಹೋದ ಮಗು ಮೂರು ಗಂಟೆಗೆ ವಾಪಸ್ ಬಂದು ಬೆಲ್ ಒತ್ತಿದರೆ ನನ್ನ ಮೊದಲ ಮಾತು "ಬಂದ್ಯಾ, ಒಳ್ಳೇದಾಯ್ತು. ಹಸಿವಾಗಿದೆಯಾ?" ವಿಚಾರಣೆ ಬೆಳಿಗ್ಗೆ ಇದ್ದೇ ಇದೆ. ಬಾಗಿಲಲ್ಲೇ ಬೈದರೆ ಮುಂದಿನ ಸಲ ಬೆಲ್ ಒತ್ತುವುದಿಲ್ಲ.

ನನಗೆ ನಿಜಕ್ಕೂ ಬೇಸರ ತರುವುದು ಬೇರೆ. ರಾತ್ರಿ ಸಿಬ್ಬಂದಿ ಅಂದರೆ ವಾಚ್‌ಮನ್ ಅನ್ನುವ ಭಾವನೆ ಇನ್ನೂ ಹೋಗಿಲ್ಲ. ಮಗುವಿನ ಮುಂದಿನ ದಾರಿ ತೀರ್ಮಾನಿಸುವ ಮೀಟಿಂಗ್ ಹಗಲು ನಡೆಯುತ್ತದೆ, ಆಗ ನಾವು ಮನೆಯಲ್ಲಿ ಮಲಗಿರುತ್ತೇವೆ. ಅಲ್ಲಿಗೆ ನಮ್ಮ ಪರವಾಗಿ ಹೋಗುವುದು ಲಾಗ್ ಬುಕ್ ಒಂದೇ. ಅದಕ್ಕೇ ಲಾಗ್ ಬರೆಯುವುದರ ಬಗ್ಗೆ ನಾನು ತುಂಬಾ ಹಠ ಮಾಡುತ್ತೇನೆ. "ರಾತ್ರಿಯಿಡೀ ತಂಟೆ ಮಾಡಿದ" ಅಂತ ಬರೆದರೆ ಹಗಲಿನವರು ಶಿಕ್ಷೆಯ ಬಗ್ಗೆ ಯೋಚಿಸುತ್ತಾರೆ. "12.50, 1.40, 3.15ಕ್ಕೆ ಎದ್ದು ಹೊರಬಾಗಿಲ ಬೀಗ ಎಳೆದು ನೋಡಿದ, ಹಾಕಿದೆ ಅಂತ ತೋರಿಸಿದ ಮೇಲೆ ಹೋಗಿ ಮಲಗಿದ" ಅಂತ ಬರೆದರೆ ಯಾರೋ ತನ್ನನ್ನು ಹುಡುಕಿಕೊಂಡು ಬರುತ್ತಾರೆ ಅಂತ ಆ ಹುಡುಗ ಹೆದರಿದ್ದಾನೆ ಅನ್ನುವುದು ಗೊತ್ತಾಗುತ್ತದೆ. ಅದೇ ರಾತ್ರಿ, ಅದೇ ಹುಡುಗ.

ನಿಮ್ಮ ಆರೋಗ್ಯ ಹೇಗೆ ಅಂತಲೂ ಕೇಳುತ್ತಾರೆ. ರಾತ್ರಿ ಪಾಳಿ ಮೈಗೆ ಒಳ್ಳೆಯದಲ್ಲ, ಅದರಲ್ಲಿ ಎರಡು ಮಾತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2007ರಲ್ಲಿ, ಮತ್ತೆ 2019ರಲ್ಲಿ, ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅನ್ನುವ ಗುಂಪಿಗೆ ಹಾಕಿದೆ. 17 ಗಂಟೆ ಎಚ್ಚರ ಇದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರ ಆಸ್ಟ್ರೇಲಿಯಾದ ಒಂದು ಸಂಶೋಧನೆ ತೋರಿಸಿತ್ತು. ಬೆಳಗಿನ ಜಾವ ಮೂರರಿಂದ ಐದರ ನಡುವೆ ಅದು ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಹಗಲು ಮಲಗುವ ಕೋಣೆಗೆ ದಪ್ಪ ಪರದೆ, ಫೋನ್ ಆಫ್, ಪಾಳಿಗೆ ಮುಂಚೆ ಒಂದು ಸಣ್ಣ ನಿದ್ದೆ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ, ಯಾಕಂದರೆ ನನ್ನ ಮಂಪರಿಗೆ ಬೆಲೆ ತೆರಬೇಕಾಗುವುದು ಆ ಮಕ್ಕಳು.

ಈ ಕೆಲಸಕ್ಕೆ ಸೇರಬೇಕು ಅಂದುಕೊಂಡು ಈ ಪ್ರಶ್ನೆ ಕೇಳುವವರಿಗೆ ಇನ್ನೊಂದು ಮಾತು. ಇಂಟರ್‌ವ್ಯೂನಲ್ಲಿ ಸಂಬಳದ ಜೊತೆಗೆ ಇವನ್ನೂ ಕೇಳಿ. ರಾತ್ರಿ ಎಚ್ಚರ ಇರುವವರು ಎಷ್ಟು ಜನ? ಮಲಗಿರುವ ಸಿಬ್ಬಂದಿಯನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಒಬ್ಬರೇ ಅಂದರೆ ನಾನಾದರೆ ಸೇರುವುದಿಲ್ಲ. ಒಂದು ಮಗುವಿನ ಜೊತೆ ಕೂತಾಗ ಉಳಿದವರನ್ನು ನೋಡಲು ಇನ್ನೊಬ್ಬರು ಬೇಕೇ ಬೇಕು. ಮೂರು ಗಂಟೆಗೆ ಕಷ್ಟ ಬಂದರೆ ಯಾರಿಗೆ ಫೋನ್ ಮಾಡಬೇಕು, ಅವರು ನಿಜವಾಗಿ ಎತ್ತುತ್ತಾರಾ? ಮತ್ತೆ, ರಾತ್ರಿಯ ಲಾಗ್ ಬುಕ್ ಅನ್ನು ಬೆಳಿಗ್ಗೆ ಓದುವವರು ಯಾರು? ಇದಕ್ಕೆ ಅವರು ತಕ್ಷಣ ಒಬ್ಬರ ಹೆಸರು ಹೇಳಿದರೆ ಅದು ಒಳ್ಳೆಯ ಜಾಗ, ಸೇರಿಕೊಳ್ಳಿ.