ಪಾಯಿಂಟರ್ ಕಲಿಸಿದ ಟೀಚರ್

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಮ್ಮ ಸಿಲೆಬಸ್‌ನಲ್ಲಿ ಅರೇ (ಒಂದೇ ಬಗೆಯ ಬೆಲೆಗಳ ಸಾಲು) ಒಂದು ಪಾಠ, ಫಂಕ್ಷನ್ (ಪ್ರೋಗ್ರಾಂನಲ್ಲಿ ಒಂದು ಕೆಲಸ ಮಾಡುವ ಭಾಗ) ಇನ್ನೊಂದು ಪಾಠ. ಪಾಯಿಂಟರ್ ಬರುವುದು ಕೊನೆಗೆ, ಪರೀಕ್ಷೆ ಹತ್ತಿರವಾದಾಗ. ನಮಗೆ ಸಿ ಕಲಿಸಿದ ಟೀಚರ್ ಈ ಕ್ರಮಕ್ಕೆ ಒಪ್ಪಲಿಲ್ಲ. ಫಂಕ್ಷನ್ ಅರ್ಧ ಹೇಳಿ ನಿಲ್ಲಿಸಿದರು. ಅಲ್ಲಿಂದ ಪಾಯಿಂಟರ್‌ಗೆ ಹೋದರು. ಅದು ಮುಗಿಯುವ ಮೊದಲೇ ಅರೇ ಬಂತು. ಆಮೇಲೆ ಪುನಃ ಫಂಕ್ಷನ್. ಈ ಮೂರನ್ನೂ ಬೇರೆ ಬೇರೆಯಾಗಿ ಕಲಿತರೆ ಮೂರೂ ಅರ್ಧಂಬರ್ಧ ಆಗುತ್ತವೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಇಷ್ಟು ವರ್ಷ ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸ. ಅವರ ಮಾತು ಸರಿ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

2003ರ ಸುಮಾರಿನ ಮಾತು ಇದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯಿಂದ ಬಸ್ಸು ಹತ್ತಿ ಕಾಸರಗೋಡಿಗೆ ಬರುತ್ತಿದ್ದ ನಮ್ಮಲ್ಲಿ ಅನೇಕರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ಉಳಿದವು, ಹಾಗಾಗಿ ನಮಗೆ ಆ ಓದು ಸಿಕ್ಕಿತು. ಲೆಕ್ಕ ಚೆನ್ನಾಗಿ ಬರುತ್ತಿತ್ತು. ಇಂಗ್ಲಿಷ್ ಪುಸ್ತಕದ ಉದ್ದುದ್ದ ವಾಕ್ಯಗಳು ಮಾತ್ರ ಕಷ್ಟ. ಪಕ್ಕದ ಬೆಂಚಿನವರ ಮನೆಮಾತು ಮಲಯಾಳ. ಟೀಚರ್ ಒಂದು ಸಲ ಇಂಗ್ಲಿಷ್‌ನಲ್ಲಿ ಹೇಳಿ, ಮತ್ತೆ ಮಲಯಾಳದಲ್ಲಿ ಹೇಳಿ, ನಮ್ಮ ಮುಖ ನೋಡಿ ಕನ್ನಡದಲ್ಲೂ ಹೇಳುತ್ತಿದ್ದರು. ತುಳುವಿನಲ್ಲಿ ಪ್ರಶ್ನೆ ಕೇಳಿದರೆ ತುಳುವಿನಲ್ಲೇ ಉತ್ತರ ಬರುತ್ತಿತ್ತು. ಒಂದೇ ಪೀರಿಯಡ್‌ನಲ್ಲಿ ಇಷ್ಟೆಲ್ಲ ಮಾಡುವುದು ಸುಲಭ ಅಲ್ಲ. ಅವರು ಎಂದೂ ಬೇಸರ ಪಟ್ಟುಕೊಳ್ಳಲಿಲ್ಲ.

ಅವರ ಪಾಠ ಇದ್ದದ್ದು ಬೋರ್ಡಿನಲ್ಲಿ. ಸಾಲಾಗಿ ಚೌಕ ಎಳೆಯುತ್ತಿದ್ದರು. ಚೌಕದ ಒಳಗೆ ಬೆಲೆ, ಕೆಳಗೆ ವೇರಿಯಬಲ್‌ನ, ಅಂದರೆ ಬೆಲೆ ಇಡುವ ಆ ಜಾಗದ ಹೆಸರು, ಮೇಲೆ ಅಡ್ರೆಸ್, ಅಂದರೆ ಮೆಮೊರಿಯಲ್ಲಿ ಆ ಜಾಗದ ನಂಬರ್. ಅಡ್ರೆಸ್ ಬರೆಯದ ಚಿತ್ರಕ್ಕೆ ರೆಕಾರ್ಡಿನಲ್ಲಿ ಸಹಿ ಸಿಗುತ್ತಿರಲಿಲ್ಲ.

ಶುರು ಮಾಡಿದ್ದು ಸ್ವ್ಯಾಪ್ ಪ್ರೋಗ್ರಾಂನಿಂದ. ಮೈನ್‌ನಲ್ಲಿ (ಪ್ರೋಗ್ರಾಂ ಶುರುವಾಗುವ ಫಂಕ್ಷನ್‌ನಲ್ಲಿ) ಎ 10, ಬಿ 20. ಎರಡನ್ನೂ ಒಂದು ಫಂಕ್ಷನ್‌ಗೆ ಕಳಿಸಿ ಅದಲು ಬದಲು ಮಾಡಬೇಕು. ಫಂಕ್ಷನ್‌ನ ಒಳಗೆ ಪ್ರಿಂಟ್ ಮಾಡಿದರೆ 20, 10 ಎಂದು ಬರುತ್ತದೆ. ಮೈನ್‌ಗೆ ವಾಪಸ್ ಬಂದು ಪ್ರಿಂಟ್ ಮಾಡಿದರೆ ಪುನಃ 10, 20! ಟೀಚರ್ ಬೇಕೆಂದೇ ಈ ಪ್ರೋಗ್ರಾಂ ಕೊಟ್ಟಿದ್ದರು. ಕಾರಣವನ್ನು ಆ ದಿನ ಹೇಳಲಿಲ್ಲ. ಮರುದಿನ ಬೋರ್ಡಿನ ಎಡಗಡೆ ಮೈನ್‌ನ ಎರಡು ಚೌಕ, ಬಲಗಡೆ ಫಂಕ್ಷನ್‌ನ ಎರಡು ಚೌಕ ಬಿಡಿಸಿದರು.

“ಫಂಕ್ಷನ್‌ಗೆ ಹೋದದ್ದು ನಕಲು. ಅಸಲು ಇಲ್ಲೇ ಉಂಟು. ನಕಲನ್ನು ಎಷ್ಟು ತಿದ್ದಿದರೂ ಅಸಲಿಗೆ ಏನಾಗ್ತದೆ, ಹೇಳಿ ನೋಡುವ?”

ಹಾಗಾದರೆ ಏನು ಕಳಿಸಬೇಕು? ಚೌಕದ ಮೇಲೆ ಬರೆದ ಅಡ್ರೆಸ್ಸನ್ನು. & ಹಾಕಿದರೆ ಅಡ್ರೆಸ್ ಸಿಗುತ್ತದೆ. ಆ ಅಡ್ರೆಸ್ ಇಟ್ಟುಕೊಳ್ಳುವ ವೇರಿಯಬಲ್ಲೇ ಪಾಯಿಂಟರ್. ಅದರ ಮುಂದೆ * ಹಾಕಿದರೆ ಆ ಅಡ್ರೆಸ್‌ನಲ್ಲಿರುವ ಚೌಕಕ್ಕೇ ಹೋಗುತ್ತೇವೆ. ಇಲ್ಲಿ ಟೀಚರ್ ಇನ್ನೊಂದು ಮಾತು ಸೇರಿಸಿದರು. ಆ ಮಾತನ್ನು ಎಷ್ಟೋ ಪುಸ್ತಕಗಳು ಬಿಟ್ಟುಬಿಡುತ್ತವೆ. ಅಡ್ರೆಸ್ ಕಳಿಸುವಾಗಲೂ ಹೋಗುವುದು ನಕಲೇ. ಸಿ ಭಾಷೆಯಲ್ಲಿ ಫಂಕ್ಷನ್‌ಗೆ ಯಾವಾಗಲೂ ನಕಲೇ ಹೋಗುವುದು. ಆದರೆ ಅಡ್ರೆಸ್ಸಿನ ನಕಲು ಹಿಡಿದುಕೊಂಡು ಹೋದರೂ ತಲುಪುವುದು ಅದೇ ಜಾಗಕ್ಕೆ, ಅಲ್ವಾ? ಅಲ್ಲಿಯವರೆಗೆ ಸ್ಕ್ಯಾನ್‌ಎಫ್‌ನಲ್ಲಿ & ಹಾಕುವುದನ್ನು ನಾವೆಲ್ಲ ಸುಮ್ನೆ ಬಾಯಿಪಾಠ ಮಾಡಿದ್ದೆವು. ಕೀಬೋರ್ಡಿನಿಂದ ಬಂದ ಸಂಖ್ಯೆಯನ್ನು ನಮ್ಮ ಚೌಕದಲ್ಲಿ ಇಡಬೇಕಾದರೆ ಆ ಫಂಕ್ಷನ್‌ಗೆ ಚೌಕದ ಜಾಗ ಗೊತ್ತಿರಬೇಕು ಎಂಬುದು ಆ ದಿನ ಹೊಳೆಯಿತು. ನನಗೆ ಕಂಪ್ಯೂಟರ್ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಅಲ್ಲಿ.

ಲ್ಯಾಬ್‌ನಲ್ಲಿ ಸಿ ಪ್ರೋಗ್ರಾಂ ಓಡಿಸಲು ಟರ್ಬೊ ಸಿ ಎಂಬ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಇಂಟ್‌ಗೆ (ಪೂರ್ಣಾಂಕಕ್ಕೆ) 2 ಬೈಟ್ ಜಾಗ. ಐದು ಇಂಟ್‌ಗಳ ಅರೇ ಮಾಡಿ ಒಂದೊಂದರ ಅಡ್ರೆಸ್ ಪ್ರಿಂಟ್ ಮಾಡಿದರೆ 65516, 65518, 65520 ಎಂದು ಎರಡೆರಡು ಜಾಸ್ತಿಯಾಗುತ್ತಾ ಹೋಗುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ಆದರೆ ನಾಲ್ಕು ನಾಲ್ಕು. ಎರಡರಲ್ಲೂ ಪಾಯಿಂಟರ್‌ಗೆ ನಾವು ಕೂಡಿಸಿದ್ದು 1 ಮಾತ್ರ. ಹಾಗಾದರೆ ಒಂದು ಕಡೆ 2, ಇನ್ನೊಂದು ಕಡೆ 4 ಹೇಗೆ?

ಟೀಚರ್ ಕಂಗಿನ (ಅಡಿಕೆಯ) ತೋಟದ ಲೆಕ್ಕ ತೆಗೆದರು. ಕಂಗು 9 ಅಡಿಗೆ ಒಂದು, ತೆಂಗು 25 ಅಡಿಗೆ ಒಂದು. ಮೊದಲ ಮರ ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು. “ಮುಂದಿನ ಮರಕ್ಕೆ ಹೋಗು” ಎಂದರೆ ಎಷ್ಟು ಅಡಿ ನಡೆಯಬೇಕು ಎಂಬುದು ಯಾವ ಮರ ಎಂಬುದರ ಮೇಲೆ ಉಂಟು. ನಮ್ಮಲ್ಲಿ ತೋಟ ಇಲ್ಲದ ಮನೆಯವರೂ ಆ ಅಂತರ ಬಲ್ಲವರೇ. ಪಾಯಿಂಟರ್‌ಗೆ ಇಂಟ್, ಫ್ಲೋಟ್ ಎಂಬ ಟೈಪ್ ಯಾಕೆ ಬೇಕು ಎಂದು ಯಾರೂ ಎರಡನೇ ಸಲ ಕೇಳಲಿಲ್ಲ.

ಅಲ್ಲಿಂದ ಉಳಿದದ್ದೆಲ್ಲ ತಾನಾಗಿ ಬಂತು. ಅರೇಯ ಹೆಸರು ಎ ಆದರೆ, ಎ[3] ಎಂದು ಬರೆದರೂ *(ಎ + 3) ಎಂದು ಬರೆದರೂ ಅರ್ಥ ಒಂದೇ. ಎಣಿಕೆ ಸೊನ್ನೆಯಿಂದ ಶುರುವಾಗುವುದು ಯಾಕೆಂದರೆ ಮೊದಲನೆಯದನ್ನು ತಲುಪಲು ಒಂದು ಹೆಜ್ಜೆಯೂ ಇಡಬೇಕಾಗಿಲ್ಲ. ಅರೇಯನ್ನು ಫಂಕ್ಷನ್‌ಗೆ ಕೊಟ್ಟಾಗ ಇಡೀ ಅರೇ ಹೋಗುವುದಿಲ್ಲ, ಮೊದಲನೆಯದರ ಅಡ್ರೆಸ್ ಹೋಗುತ್ತದೆ. ಹಾಗಾಗಿ ಫಂಕ್ಷನ್ ಒಳಗೆ ಸಾರ್ಟ್ ಮಾಡಿದರೆ (ಕ್ರಮವಾಗಿ ಜೋಡಿಸಿದರೆ) ಮೈನ್‌ನ ಅರೇಯೇ ಸಾರ್ಟ್ ಆಗುತ್ತದೆ. ಸ್ವ್ಯಾಪ್‌ನಲ್ಲಿ ನಮ್ಮನ್ನು ಕಾಡಿದ ಪ್ರಶ್ನೆಗೆ ಇಲ್ಲಿ ಇನ್ನೊಂದು ಮುಖ ಕಂಡಿತು. ಎಷ್ಟು ಬೈಟ್ ಎಂದು ಹೇಳುವ ಸೈಜ್‌ಆಫ್ ಹಾಕಿ ನೋಡಿದೆವು. ಐದು ಇಂಟ್‌ಗಳ ಅರೇಗೆ ಮೈನ್‌ನಲ್ಲಿ 10 ಬರುತ್ತದೆ, ಫಂಕ್ಷನ್ ಒಳಗೆ 2. ಆ 2 ಪಾಯಿಂಟರ್‌ನ ಅಳತೆ. ಅರೇಯ ಉದ್ದವನ್ನು ಬೇರೆಯಾಗಿ ಕಳಿಸಬೇಕಾದದ್ದು ಇದರಿಂದಲೇ.

ಇದರ ಹಿಂದಿನ ಕಥೆ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಸಿ ಭಾಷೆಯನ್ನು 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಡೆನ್ನಿಸ್ ರಿಚಿ. ಅದಕ್ಕಿಂತ ಮೊದಲು ಕೆನ್ ಥಾಂಪ್ಸನ್ ಮಾಡಿದ ಬಿ ಎಂಬ ಭಾಷೆ ಇತ್ತು. ಬಿ ಭಾಷೆಯಲ್ಲಿ ಇಂಟ್, ಫ್ಲೋಟ್ ಎಂಬ ಭೇದ ಇರಲಿಲ್ಲ. ಅರೇಯ ಮೊದಲ ಜಾಗವನ್ನು ನೆನಪಿಡಲು ಅಲ್ಲಿ ಬೇರೆಯೇ ಒಂದು ಚೌಕ ಇರುತ್ತಿತ್ತು. ರಿಚಿ ಸಿ ಮಾಡುವಾಗ ಆ ಚೌಕವನ್ನು ತೆಗೆದುಬಿಟ್ಟರು. ಅರೇಯ ಹೆಸರು ಬಂದಲ್ಲೇ ಅದರಿಂದ ಅಡ್ರೆಸ್ ಹುಟ್ಟುವಂತೆ ಮಾಡಿದರು. 2011ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ನಮ್ಮ ಟೀಚರ್ ನೆನಪಾದರು. ಇಷ್ಟು ದೂರದ ಕೆಲಸವನ್ನು ನಮ್ಮ ಬೆಂಚಿನವರೆಗೆ ತಂದುಕೊಟ್ಟವರು ಅವರೇ ಅಲ್ವಾ?

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು. ಕರೆಂಟ್ ಇಲ್ಲ ಎಂದು ಟೀಚರ್ ಲ್ಯಾಬ್ ಬಿಡುತ್ತಿರಲಿಲ್ಲ. ಚೌಕದ ಪುಸ್ತಕ ತೆಗೆಸಿ, ಪ್ರೋಗ್ರಾಂನ ಒಂದೊಂದು ಸಾಲನ್ನೂ ಕೈಯಲ್ಲೇ ಓಡಿಸಲು ಹೇಳುತ್ತಿದ್ದರು. ಈ ಸಾಲಿನ ನಂತರ ಯಾವ ಚೌಕ ಬದಲಾಯಿತು? ಫಂಕ್ಷನ್ ಮುಗಿದಾಗ ಅದರ ಚೌಕಗಳು ಏನಾದವು? ಫಂಕ್ಷನ್‌ನ ಒಳಗಿನ ವೇರಿಯಬಲ್‌ನ ಅಡ್ರೆಸ್ಸನ್ನು ಹೊರಗೆ ಕಳಿಸಬಾರದು ಎಂಬುದನ್ನು ನಾವು ಕಲಿತದ್ದು ಹಾಗೆ, ಪೆನ್ಸಿಲ್‌ನಲ್ಲಿ ಚೌಕ ಅಳಿಸುತ್ತಾ. ಅರೇಯ ಗಡಿ ದಾಟಿದರೂ ಸಿ ತಡೆಯುವುದಿಲ್ಲ ಎಂಬುದನ್ನೂ ಹಾಗೆಯೇ ಕಲಿತೆವು. ಐದರ ಅರೇಯಲ್ಲಿ ಏಳನೆಯದಕ್ಕೆ ಬೆಲೆ ಬರೆದರೆ ಅದು ಇನ್ಯಾರದೋ ಚೌಕದಲ್ಲಿ ಹೋಗಿ ಕೂರುತ್ತದೆ. ಇವತ್ತಿಗೂ ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳ ಸುರಕ್ಷತೆಯನ್ನು ಕೆಡಿಸುವ ತಪ್ಪುಗಳಲ್ಲಿ ಇದೂ ಒಂದು. ನನ್ನ ಕೆಲಸದಲ್ಲಿ ಹೊಸಬರಿಗೆ ಕಲಿಸುವಾಗ ನಾನು ಮೊದಲು ಕೊಡುವುದು ಕಾಗದ ಮತ್ತು ಪೆನ್ಸಿಲ್. ಕಂಪ್ಯೂಟರ್ ಆಮೇಲೆ.

ಈಗ ಕಾಲೇಜಿನಲ್ಲಿ ಓದುತ್ತಿರುವ ತಮ್ಮ ತಂಗಿಯರು ಪೈಥಾನ್‌ನಿಂದ ಶುರು ಮಾಡಿರಬಹುದು. ಒಳ್ಳೆಯದೇ. ಆದರೂ ಸಿ ಬಂದಾಗ ಅವಸರ ಮಾಡಬೇಡಿ. ಐದು ಇಂಟ್‌ಗಳ ಆ ಅರೇಯನ್ನೇ, ಈಗ ಸಿ ಪ್ರೋಗ್ರಾಂಗೆ ಬಳಸುವ ಜಿಸಿಸಿ ಎಂಬ ಸಾಫ್ಟ್‌ವೇರ್‌ನಲ್ಲಿ ಬರೆದು ನೋಡಿ. ಈಗಿನ 64 ಬಿಟ್ ಕಂಪ್ಯೂಟರಿನಲ್ಲಿ ಇಂಟ್‌ಗೆ 4 ಬೈಟ್, ಪಾಯಿಂಟರ್‌ಗೆ 8. ಅಡ್ರೆಸ್ ಉದ್ದವಾಗಿ ಬರುತ್ತದೆ. ಪುನಃ ಓಡಿಸಿದರೆ ಸಾಮಾನ್ಯವಾಗಿ ಬೇರೆಯೇ ಅಡ್ರೆಸ್ ಬರುತ್ತದೆ. ಸುರಕ್ಷತೆಗಾಗಿ ಆಪರೇಟಿಂಗ್ ಸಿಸ್ಟಂ ಪ್ರತಿ ಸಲ ಜಾಗ ಬದಲಿಸುತ್ತದೆ. ಅಕ್ಕಪಕ್ಕದವುಗಳ ಅಂತರ ಮಾತ್ರ 4ರಲ್ಲೇ ನಿಲ್ಲುತ್ತದೆ. ಸೈಜ್‌ಆಫ್ ಮೈನ್‌ನಲ್ಲಿ 20 ಹೇಳುತ್ತದೆ, ಫಂಕ್ಷನ್‌ನಲ್ಲಿ 8. ಈಗಿನ ಜಿಸಿಸಿ ಅಲ್ಲೇ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅದನ್ನು ಪೂರ್ತಿ ಓದಿ, ಗೊತ್ತಾಗದಿದ್ದರೆ ನಿಮ್ಮ ಟೀಚರ್ ಹತ್ತಿರ ಯಾವ ಭಾಷೆಯಲ್ಲಾದರೂ ಕೇಳಿ.