ಸಣ್ಣ ವಿಮಾನಕ್ಕೆ ಆಂಟೆನಾ ಆರಿಸುವುದು, ಅಳೆಯುವುದು

ಎರಡು ಅಥವಾ ನಾಲ್ಕು ಆಸನಗಳ ವಿಮಾನವನ್ನು ಕೊಳ್ಳುವವರೂ ಕಟ್ಟುವವರೂ ಯಾವ ರೇಡಿಯೊ ಹಾಕಿಸಬೇಕೆಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಆಂಟೆನಾದ ಮಾತು ಬರುವುದು ಎಲ್ಲವೂ ಮುಗಿದ ಮೇಲೆ, ವಿಮಾನದ ಮೈಮೇಲೆ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ ಒಂದು ರಂಧ್ರ ಕೊರೆಯುವ ಹೊತ್ತಿಗೆ. ಈ ಕ್ರಮ ತಿರುಗುಮುರುಗಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರೇಡಿಯೊದ ಶಕ್ತಿಯನ್ನು ಐದು ವ್ಯಾಟ್‌ನಿಂದ ಹತ್ತಕ್ಕೆ ಏರಿಸಿದರೆ ನಾವು ಆಡುವ ಮಾತು ಮಾತ್ರ ಸ್ವಲ್ಪ ಬಲವಾಗುತ್ತದೆ. ಆಂಟೆನಾ ಸರಿಯಾದರೆ ಆಡುವುದೂ ಕೇಳುವುದೂ ಒಟ್ಟಿಗೆ ಸುಧಾರಿಸುತ್ತವೆ. ಹೊರಗೆ ಕಾಣುವ ಕಡ್ಡಿಯನ್ನಷ್ಟೇ ಆಂಟೆನಾ ಎಂದು ಕರೆಯುವ ರೂಢಿಯೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಡ್ಡಿಯ ಬುಡದಲ್ಲಿರುವ ಲೋಹದ ಹರವು, ಅದಕ್ಕೂ ಬುಡದ ತಟ್ಟೆಗೂ ಇರುವ ಸಂಪರ್ಕ, ಕೇಬಲ್, ಕನೆಕ್ಟರ್ ಇವೆಲ್ಲವೂ ಸೇರಿದರೆ ಮಾತ್ರ ಆಂಟೆನಾ ಪೂರ್ಣವಾಗುತ್ತದೆ.

ವಿಮಾನಗಳ ಮಾತುಕತೆಗೆ ಮೀಸಲಾದ ವಿಎಚ್‌ಎಫ್ ಆವೃತ್ತಿ ಪಟ್ಟಿ 118ರಿಂದ 137 ಮೆಗಾಹರ್ಟ್ಸ್‌ವರೆಗೆ ಹರಡಿದೆ. ಅದರ ಮಧ್ಯಭಾಗದ 127 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 236 ಸೆಂಟಿಮೀಟರ್. ಕಾಲು ಅಲೆಯ ಕಡ್ಡಿ ಲೆಕ್ಕಕ್ಕೆ 59 ಸೆಂಟಿಮೀಟರ್ ಆಗಬೇಕಾದರೂ ನಿಜವಾದ ಲೋಹದ ಕಡ್ಡಿಯನ್ನು ಅದಕ್ಕಿಂತ ತುಸು ಗಿಡ್ಡವಾಗಿ, 56ರ ಆಸುಪಾಸಿನಲ್ಲಿ ಕತ್ತರಿಸಬೇಕಾಗುತ್ತದೆ. ತೊಡಕಿರುವುದು ಪಟ್ಟಿಯ ಅಗಲದಲ್ಲಿ. ಮಧ್ಯದ ಆವೃತ್ತಿಗೆ ಹೋಲಿಸಿದರೆ ಈ ಪಟ್ಟಿ ಶೇಕಡ 15ರಷ್ಟು ಅಗಲವಾಗಿದ್ದು, ತೆಳ್ಳನೆಯ ತಂತಿಯ ಆಂಟೆನಾ ಮಧ್ಯದಲ್ಲಿ ಚೆನ್ನಾಗಿ ಹೊಂದಿಕೊಂಡರೂ ಎರಡು ತುದಿಗಳಲ್ಲಿ ಕೈಕೊಡುತ್ತದೆ. ದಪ್ಪನೆಯ ಕಡ್ಡಿಯಾಗಲಿ ಅಗಲವಾದ ಬ್ಲೇಡ್ ಆಂಟೆನಾ ಆಗಲಿ ಹೆಚ್ಚು ವ್ಯಾಪ್ತಿಯನ್ನು ಒಪ್ಪುವುದು ಈ ಕಾರಣಕ್ಕೆ. ಬ್ಲೇಡ್‌ಗೆ ಗಾಳಿಯ ತಡೆ ಕಡಿಮೆ, ಬೆಲೆ ಹೆಚ್ಚು. ನೂರು ನಾಟ್‌ ದಾಟದ ವಿಮಾನಕ್ಕೆ ಗಟ್ಟಿಯಾದ ಫೈಬರ್‌ಗ್ಲಾಸ್ ಹೊದಿಕೆಯ ಕಡ್ಡಿ ಸಾಕೆಂದು ನಾನು ಹೇಳುತ್ತೇನೆ. ಉಳಿದ ಹಣವನ್ನು ಕೇಬಲ್‌ಗೆ ಖರ್ಚು ಮಾಡಬಹುದು.

ಯಾವ ಬಗೆಯ ಆಂಟೆನಾ ಎಂಬುದನ್ನು ನಿರ್ಧರಿಸುವುದು ವಿಮಾನದ ಮೈ. ಅಲ್ಯೂಮಿನಿಯಂ ಮೈಯ ವಿಮಾನದಲ್ಲಿ ಆ ತಗಡೇ ಗ್ರೌಂಡ್ ಪ್ಲೇನ್ ಆಗಿ, ಅಂದರೆ ಆಂಟೆನಾದ ಇನ್ನರ್ಧವಾಗುವ ಲೋಹದ ಹರವಾಗಿ, ಕೆಲಸ ಮಾಡುವುದರಿಂದ ಕಾಲು ಅಲೆಯ ಕಡ್ಡಿಗೆ ಬೇರೇನೂ ಬೇಕಿಲ್ಲ. ಉಕ್ಕಿನ ಕೊಳವೆಗಳ ಮೇಲೆ ಬಟ್ಟೆ ಹೊದಿಸಿದ ವಿಮಾನದಲ್ಲಿ ಅದೇ ಕಡ್ಡಿಯನ್ನು ನಿಲ್ಲಿಸಿದರೆ ಅದಕ್ಕೆ ಇನ್ನರ್ಧ ಭಾಗವೇ ಇಲ್ಲದಂತಾಗಿ, ವಿದ್ಯುತ್ತು ಕೇಬಲ್‌ನ ಹೊರಕವಚದ ಮೇಲೆ ಹರಿದು ಕಾಕ್‌ಪಿಟ್‌ನೊಳಕ್ಕೇ ಬರುತ್ತದೆ. ಅಂಥಲ್ಲಿ ಬಟ್ಟೆಯ ಕೆಳಗೆ ತೆಳು ಅಲ್ಯೂಮಿನಿಯಂ ಹಾಳೆಯನ್ನಾಗಲಿ, ಕಡ್ಡಿಯ ಬುಡದಿಂದ ನಾಲ್ಕು ದಿಕ್ಕಿಗೆ ಸುಮಾರು 60 ಸೆಂಟಿಮೀಟರ್ ಉದ್ದದ ಲೋಹದ ಪಟ್ಟಿಗಳನ್ನಾಗಲಿ ಹರಡಲೇಬೇಕು.

ಫೈಬರ್‌ಗ್ಲಾಸ್ ಮೈಗೆ ಒಂದು ವಿಶೇಷ ಅನುಕೂಲವಿದೆ. ರೇಡಿಯೊ ಅಲೆಗಳು ಅದರ ಮೂಲಕ ಸಲೀಸಾಗಿ ಹಾದುಹೋಗುವುದರಿಂದ ಬಾಲದ ಲಂಬ ರೆಕ್ಕೆಯೊಳಗೆ ತಾಮ್ರದ ಪಟ್ಟಿಯ ಡೈಪೋಲ್ (ಎರಡು ಸಮ ತೋಳುಗಳ ಆಂಟೆನಾ) ಅನ್ನು ಅಂಟಿಸಿಬಿಡಬಹುದು; ಹೊರಗೆ ಏನೂ ಚಾಚಿಕೊಂಡಿರುವುದಿಲ್ಲ, ಗ್ರೌಂಡ್ ಪ್ಲೇನ್ ಕೂಡ ಬೇಕಾಗುವುದಿಲ್ಲ. ಕೇಬಲ್ ಸೇರುವ ಜಾಗದಲ್ಲಿ ಹೊರಕವಚದ ಮೇಲೆ ಹರಿಯುವ ವಿದ್ಯುತ್ತನ್ನು ತಡೆಯುವ ಫೆರೈಟ್ ಬಳೆಗಳನ್ನು ತೊಡಿಸಿ, ಕೇಬಲ್ ಅನ್ನು ಡೈಪೋಲ್‌ಗೆ ಲಂಬಕೋನದಲ್ಲಿ ಸ್ವಲ್ಪ ದೂರ ಒಯ್ಯಬೇಕು ಅಷ್ಟೆ. ಕಾರ್ಬನ್ ಫೈಬರ್‌ ವಿಷಯ ಪೂರ್ತಿ ಬೇರೆ: ಅದು ವಿದ್ಯುತ್ ಹರಿಸುವ ವಸ್ತುವಾದ್ದರಿಂದ ಒಳಗಿಟ್ಟ ಆಂಟೆನಾವನ್ನು ಮುಚ್ಚಿಹಾಕುತ್ತದೆ, ಹಾಗೆಂದು ಅಲ್ಯೂಮಿನಿಯಂನಷ್ಟು ಒಳ್ಳೆಯ ಗ್ರೌಂಡ್ ಪ್ಲೇನ್ ಕೂಡ ಆಗುವುದಿಲ್ಲ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ‘ಹಂಸ’ದಿಂದ ಮೊದಲುಗೊಂಡು ನಮ್ಮಲ್ಲೂ ಕಾಂಪೋಸಿಟ್ ಮೈಯ ವಿಮಾನಗಳು ಬಂದಿರುವಾಗ, ಬಣ್ಣದ ಕೆಳಗೆ ಯಾವ ನಾರು ಎಲ್ಲಿದೆ ಎಂಬುದನ್ನು ತಯಾರಕರ ನಕ್ಷೆಯಲ್ಲಿ ನೋಡಿಕೊಳ್ಳದೆ ಆಂಟೆನಾ ಆರಿಸಲು ಹೋಗಬಾರದು.

ಜಾಗದ ಆಯ್ಕೆಯಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಹೊಟ್ಟೆಯ ಕೆಳಗಿನ ಆಂಟೆನಾ ಹಾರಾಟದಲ್ಲಿ ನೆಲಕ್ಕೆ ನೇರವಾಗಿ ಕಾಣುತ್ತದೆ, ಆದರೆ ನಿಂತ ವಿಮಾನದಲ್ಲಿ ನೆಲಕ್ಕೂ ಚಕ್ರದ ಕಾಲುಗಳಿಗೂ ಹತ್ತಿರವಾಗಿ ಮಂಕಾಗುತ್ತದೆ. ಒಂದೇ ರೇಡಿಯೊ ಇದ್ದರೆ ನಾನು ಬೆನ್ನಿನ ಮೇಲಿನ ಜಾಗವನ್ನೇ ಆರಿಸುತ್ತೇನೆ. ಎರಡಿದ್ದರೆ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ. ಟ್ರಾನ್ಸ್‌ಪಾಂಡರ್ ನೆಲದ ರಾಡಾರ್‌ಗೆ ಉತ್ತರಿಸುವುದು 1090 ಮೆಗಾಹರ್ಟ್ಸ್‌ನಲ್ಲಾದ್ದರಿಂದ ಅದರ ಕಡ್ಡಿ ಏಳು ಸೆಂಟಿಮೀಟರ್ ಕೂಡ ಇರುವುದಿಲ್ಲ, ಅದು ಹೊಟ್ಟೆಯ ಕೆಳಗೇ ಇರಬೇಕು.

ಜಿಪಿಎಸ್ ಆಂಟೆನಾದಿಂದ ಮಾತಿನ ಆಂಟೆನಾವನ್ನು ದೂರ ಇಡಿ ಎಂಬ ಸಲಹೆಯ ಹಿಂದೆ ಸರಳವಾದ ಗುಣಾಕಾರವಿದೆ. ಜಿಪಿಎಸ್‌ನ ಆವೃತ್ತಿ 1575.42 ಮೆಗಾಹರ್ಟ್ಸ್. ಮಾತಿನ ಚಾನೆಲ್‌ಗಳಲ್ಲಿ ಒಂದಾದ 121.175 ಅನ್ನು ಹದಿಮೂರರಿಂದ ಗುಣಿಸಿದರೆ 1575.275, 131.3 ಅನ್ನು ಹನ್ನೆರಡರಿಂದ ಗುಣಿಸಿದರೆ 1575.6. ರೇಡಿಯೊ ತನ್ನ ಆವೃತ್ತಿಯ ಗುಣಕಗಳಲ್ಲಿ ಹೊರಸೂಸುವ ಕ್ಷೀಣವಾದ ಹಾರ್ಮೋನಿಕ್‌ಗಳು ಉಪಗ್ರಹದಿಂದ ಬರುವ ಇನ್ನೂ ಕ್ಷೀಣವಾದ ಸಂಕೇತದ ಮೇಲೆ ಕೂತುಬಿಡುತ್ತವೆ. ಆದ್ದರಿಂದಲೇ ಜೋಡಣೆ ಮುಗಿದ ಮೇಲೆ 121.150ರಿಂದ 121.200ರವರೆಗೆ, 131.250ರಿಂದ 131.300ರವರೆಗೆ ಇರುವ ಚಾನೆಲ್‌ಗಳಲ್ಲಿ ಅರ್ಧ ನಿಮಿಷದಷ್ಟು ಕಾಲ ಗುಂಡಿ ಒತ್ತಿಹಿಡಿದು, ಜಿಪಿಎಸ್ ಪರದೆಯಲ್ಲಿ ಉಪಗ್ರಹಗಳ ಸಂಕೇತದ ಬಲ ತೋರಿಸುವ ಪಟ್ಟಿಗಳು ಕುಸಿಯುತ್ತವೆಯೇ ಎಂದು ನೋಡಬೇಕು. ಆ ಚಾನೆಲ್‌ಗಳನ್ನು ಬಳಸುವವರು ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ಮೊದಲು ಕೇಳಿ ಖಚಿತಪಡಿಸಿಕೊಳ್ಳುವುದು ಕಡ್ಡಾಯ.

ಕೇಬಲ್‌ ವಿಷಯದಲ್ಲಿ ನನ್ನ ಮಾತು ಚಿಕ್ಕದು: ಹಳೆಯ ಆರ್‌ಜಿ-58 ತೆಗೆದು ಆರ್‌ಜಿ-400 ಹಾಕಿಸಿ. ಅದಕ್ಕೆ ಎರಡು ಪದರದ ಕವಚವಿದೆ, ಒಳಗಿನ ಟೆಫ್ಲಾನ್ ಎಂಜಿನ್‌ ಹತ್ತಿರದ ಬಿಸಿಗೂ ಮೆತ್ತಗಾಗುವುದಿಲ್ಲ.

ಬುಡದ ಸಂಪರ್ಕದ ಬಗ್ಗೆ ಮಾತ್ರ ಹೆಚ್ಚು ಹೇಳಬೇಕು. ಹಲವು ಮಳೆಗಾಲ ಕಂಡ ಆಂಟೆನಾವನ್ನು ಬಿಚ್ಚಿದಾಗ ಸಾಮಾನ್ಯವಾಗಿ ಕಾಣುವ ನೋಟ ಹೀಗಿರುತ್ತದೆ: ಗ್ಯಾಸ್ಕೆಟ್ ಒಂದು ಅಂಚಿನಲ್ಲಿ ಸುಕ್ಕಾಗಿ ಸೀಲೆಂಟ್ ಬಿರಿದಿರುತ್ತದೆ, ಒಳಗೆ ತಗಡಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ, ಉಳಿದ ಭಾಗದಲ್ಲಿ ಕಾರ್ಖಾನೆಯ ಬಣ್ಣ ಹಾಗೆಯೇ ಇದ್ದು, ನಾಲ್ಕು ಸ್ಕ್ರೂಗಳ ತಲೆಯ ಮೂಲಕವಷ್ಟೇ ವಿದ್ಯುತ್ ಸಂಪರ್ಕ ಉಳಿದಿರುತ್ತದೆ. ಆ ಸ್ಕ್ರೂಗಳೂ ತುಕ್ಕು ಹಿಡಿದರೆ ಕಡ್ಡಿ ನೋಡಲು ಹೊಸದರಂತಿದ್ದರೂ ಗ್ರೌಂಡ್ ಪ್ಲೇನ್ ಇಲ್ಲದ ಸ್ಥಿತಿಗೆ ಬಂದಿರುತ್ತದೆ. ಬುಡ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಶುಚಿಗೊಳಿಸಿ, ವಿದ್ಯುತ್ ಹರಿಯಲು ಬಿಡುವ ರಾಸಾಯನಿಕ ಲೇಪವನ್ನು ಕೊಟ್ಟು, ಬುಡಕ್ಕೂ ಮೈಗೂ ನಡುವಿನ ರೋಧ 3 ಮಿಲಿ ಓಮ್ ಮೀರದಂತೆ ನೋಡಿಕೊಂಡು, ಆಮೇಲೆ ಹೊರಗಿನಿಂದ ಸೀಲೆಂಟ್ ಹಚ್ಚಬೇಕು. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರ್ ಅಳೆಯಲಾರದು, ಬಾಂಡಿಂಗ್ ಮೀಟರ್ ಬೇಕು. ಮೈಯಲ್ಲಿ ಹೊಸ ರಂಧ್ರವಾದಲ್ಲಿ ಒಳಗಿನಿಂದ ಬಲ ಕೊಡುವ ತಗಡನ್ನು ರಿವೆಟ್ ಮಾಡುವುದು, ಪ್ರಮಾಣೀಕೃತ ವಿಮಾನವಾದರೆ ಆ ಕೆಲಸವನ್ನು ಪರವಾನಗಿ ಇರುವ ಎಂಜಿನಿಯರ್ ಕೈಯಿಂದಲೇ ಮಾಡಿಸುವುದು ಹೇಳದೆಯೂ ತಿಳಿಯಬೇಕಾದ ಸಂಗತಿ.

ಅಳತೆಗೆ ಈಗ, ಪ್ರತಿ ಆವೃತ್ತಿಯಲ್ಲೂ ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತದೆಂದು ಗೆರೆಯಲ್ಲಿ ತೋರಿಸುವ ನ್ಯಾನೊವಿಎನ್‌ಎಯಂಥ ಅಗ್ಗದ ಉಪಕರಣಗಳು ಸಿಗುವುದು ಬಹಳ ಸಂತೋಷದ ಸಂಗತಿ. ವಿಮಾನವನ್ನು ಹ್ಯಾಂಗರ್‌ನಿಂದ ಹೊರಗೆ ತಳ್ಳಿ, ಬಾಗಿಲುಗಳನ್ನು ಮುಚ್ಚಿ, ಜನರನ್ನು ದೂರ ನಿಲ್ಲಿಸಿ ಅಳೆಯಬೇಕು. ತಗಡಿನ ಛಾವಣಿಯ ಕೆಳಗೆ ಬರುವ ಅಂಕಿಗಳಿಗೆ ಅರ್ಥವಿಲ್ಲ. ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದಿದೆ ಎಂದು ತೋರಿಸುವ ಅನುಪಾತ; 1 ಇದ್ದರೆ ಪೂರ್ಣ ಹೊಂದಿಕೆ) 2 ಇದ್ದರೆ ಶಕ್ತಿಯ ಶೇಕಡ 11ರಷ್ಟು, 3 ಇದ್ದರೆ ಶೇಕಡ 25ರಷ್ಟು ಹಿಂದಿರುಗುತ್ತದೆ. ಪಟ್ಟಿಯ ಮಧ್ಯದಲ್ಲಿ 1.5ರ ಹತ್ತಿರ, ತುದಿಗಳಲ್ಲಿ 2ರ ಒಳಗೆ ಇದ್ದರೆ ನಾನು ಒಪ್ಪುತ್ತೇನೆ. ಇಡೀ ಪಟ್ಟಿಯುದ್ದಕ್ಕೂ ಗೆರೆ 1.1ರಲ್ಲಿ ಚಪ್ಪಟೆಯಾಗಿದ್ದರೆ ನನಗೆ ಅನುಮಾನ ಹುಟ್ಟುತ್ತದೆ, ಏಕೆಂದರೆ ಏನನ್ನೂ ಹೊರಸೂಸದೆ ಶಕ್ತಿಯನ್ನೆಲ್ಲ ಬಿಸಿಯಾಗಿ ಕಳೆಯುವ 50 ಓಮ್‌ನ ರೆಸಿಸ್ಟರ್ ಕೂಡ ಅದೇ ಗೆರೆಯನ್ನು ತೋರಿಸುತ್ತದೆ.

ರೇಡಿಯೊ ತುದಿಯಲ್ಲಿ ಮಾತ್ರ ಅಳೆದು ತೃಪ್ತಿಪಡುವವರನ್ನು ಮೋಸಗೊಳಿಸುವುದು ಕೇಬಲ್‌ನ ನಷ್ಟ. ಆಂಟೆನಾದ ಬುಡದಲ್ಲಿ ಎಸ್‌ಡಬ್ಲ್ಯುಆರ್ 3 ಇದ್ದು ಕೇಬಲ್‌ನಲ್ಲಿ 1 ಡೆಸಿಬೆಲ್ ನಷ್ಟವಿದ್ದರೆ ರೇಡಿಯೊ ಬಳಿ 2.3 ಕಾಣುತ್ತದೆ. ನೀರು ಕುಡಿದು 3 ಡೆಸಿಬೆಲ್ ನುಂಗುವ ಕೇಬಲ್ ಆಗಿದ್ದರಂತೂ ಆಂಟೆನಾವನ್ನೇ ಕಳಚಿಟ್ಟರೂ ಮೀಟರ್ 3ಕ್ಕಿಂತ ಮೇಲೆ ಹೋಗುವುದಿಲ್ಲ. ಆದ್ದರಿಂದ ಆಂಟೆನಾ ತುದಿಯ ಕನೆಕ್ಟರ್ ಬಿಚ್ಚಿ, ಅದನ್ನು ತೆರೆದಿಟ್ಟು, ರೇಡಿಯೊ ತುದಿಯಲ್ಲಿ ರಿಟರ್ನ್ ಲಾಸ್ (ಕಳಿಸಿದ ಶಕ್ತಿಗಿಂತ ಹಿಂದಿರುಗಿದ್ದು ಎಷ್ಟು ಡೆಸಿಬೆಲ್ ಕಡಿಮೆ ಎಂಬುದು) ಅಳೆದು ಅರ್ಧ ಮಾಡಿ: ಅದೇ ಕೇಬಲ್‌ನ ನಷ್ಟ. ಆ ಬಳಿಕ ಚಿಕ್ಕ ಕೇಬಲ್‌ನೊಂದಿಗೆ ಆಂಟೆನಾದ ಬುಡದಲ್ಲೇ ಇನ್ನೊಮ್ಮೆ ಅಳೆಯಿರಿ. ಎರಡೂ ಗೆರೆಗಳ ಚಿತ್ರವನ್ನು ವಿಮಾನದ ದಾಖಲೆಗಳ ಜೊತೆ ಇಟ್ಟರೆ ಮುಂದಿನ ವಾರ್ಷಿಕ ತಪಾಸಣೆಯಲ್ಲಿ ಹೋಲಿಸಲು ಆಧಾರ ಸಿಗುತ್ತದೆ.

ಎಂಜಿನ್ ಓಡುತ್ತಿರುವಾಗ ಮಾತಿನ ಗುಂಡಿ ಒತ್ತಿ ತೈಲದ ಉಷ್ಣತೆ, ಇಂಧನದ ಮಟ್ಟ ತೋರಿಸುವ ಮುಳ್ಳುಗಳನ್ನು ಗಮನಿಸುವುದು ಮುಂದಿನ ಹಂತ. ಮುಳ್ಳು ಜಿಗಿದರೆ ಅಥವಾ ಹೆಡ್‌ಸೆಟ್‌ನಲ್ಲಿ ಕೀರಲು ಸದ್ದು ಬಂದರೆ ಗ್ರೌಂಡ್ ಪ್ಲೇನ್ ಸಾಲುತ್ತಿಲ್ಲವೆಂದು ಮೊದಲು ಶಂಕಿಸಬೇಕು.

ಕೊನೆಯ ಪರೀಕ್ಷೆ ಆಕಾಶದಲ್ಲೇ ಆಗಬೇಕು, ಅದೂ ದೂರದಿಂದ. ಬೆಂಗಳೂರಿನ ಜಕ್ಕೂರಿನಂಥ ಕಿರು ವಿಮಾನ ನಿಲ್ದಾಣದಲ್ಲಿ ನಿಯಂತ್ರಣ ಗೋಪುರ ಕಣ್ಣಿಗೆ ಕಾಣುತ್ತಿರುವಾಗ ಎಂಥ ಆಂಟೆನಾ ಆದರೂ ಮಾತಾಡುತ್ತದೆ. ಭೂಮಿಯ ಬಾಗು ಮಾತ್ರ ಅಡ್ಡಿಯಾದರೆ 3,000 ಅಡಿ ಎತ್ತರದಿಂದ ಸುಮಾರು 67 ನಾಟಿಕಲ್ ಮೈಲಿವರೆಗೆ ದನಿ ತಲುಪಬೇಕು. 25-30 ಮೈಲಿ ದೂರದಲ್ಲಿ, ನಿಯಂತ್ರಕರಿಗೆ ಬಿಡುವಿರುವ ಹೊತ್ತು ನೋಡಿ, ರೆಕ್ಕೆ ಹೆಚ್ಚು ವಾಲಿಸದೆ ನಿಧಾನವಾದ ಪೂರ್ಣ ಸುತ್ತು ಹಾಕುತ್ತ, ಮೂವತ್ತು ಡಿಗ್ರಿಗೊಮ್ಮೆ ನಮ್ಮ ಮಾತು ಒಂದರಿಂದ ಐದರ ಮಾಪಕದಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದು ಕೇಳಿ ಬರೆದುಕೊಳ್ಳಬೇಕು. ಎಲ್ಲ ದಿಕ್ಕಿನಲ್ಲೂ ಐದು ಬಂದು ಒಂದೆರಡು ಕಡೆ ಮೂರಕ್ಕೆ ಇಳಿದರೆ, ಆ ದಿಕ್ಕಿನಲ್ಲಿ ಬಾಲವೋ ಚಕ್ರದ ಕಾಲೋ ಇನ್ನೊಂದು ಆಂಟೆನಾವೋ ಅಡ್ಡ ಬಂದಿದೆ ಎಂದರ್ಥ. ಎಲ್ಲ ದಿಕ್ಕಿನಲ್ಲೂ ಮೂರೇ ಬಂದರೆ ಕೆಳಗಿಳಿದು ಮತ್ತೆ ಕೇಬಲ್‌ನಿಂದ ಶುರುಮಾಡಬೇಕು.